ಕಾರಿನಲ್ಲೇ ಊಟ, ಪೇಟೆಯಲ್ಲೇ ಸುತ್ತಾಟ: ಯುದ್ಧದ ನಂತರದ ಅಮೆರಿಕದ ಡ್ರೈವ್-ಇನ್ ಹೋಟೆಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧ ಮುಗಿದ 1945ರಿಂದ 1960ರ ದಶಕದ ಕೊನೆಯವರೆಗಿನ ಅಮೆರಿಕದ ಬೀದಿಗಳ ಬಗ್ಗೆ ಮಾತು ಬಂದಾಗಲೆಲ್ಲ ಓದುಗರು, ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ತಕರಾರಿನದು ಆಮೇಲೆ.

## ಮೊದಲ ಪ್ರಶ್ನೆಗಳು

ಡ್ರೈವ್-ಇನ್ ಅಂದ್ರೆ ಕಾರಲ್ಲಿ ಕೂತು ಸಿನಿಮಾ ನೋಡೋದು ಅಲ್ವಾ?

ಅದೂ ಡ್ರೈವ್-ಇನ್ನೇ. ಆದರೆ ಇಲ್ಲಿ ಹೇಳುತ್ತಿರುವುದು ಹೋಟೆಲ್ ವಿಷಯ. ಸಿನಿಮಾದ ಡ್ರೈವ್-ಇನ್ ಶುರುವಾದದ್ದು 1933ರ ಜೂನ್‌ನಲ್ಲಿ, ನ್ಯೂಜೆರ್ಸಿಯ ಕ್ಯಾಮ್ಡೆನ್ ಹತ್ತಿರ. ಹೋಟೆಲಿನದು ಅದಕ್ಕಿಂತ ಹನ್ನೆರಡು ವರ್ಷ ಹಳೆಯದು. ಕಾರು ತಂದು ನಿಲ್ಲಿಸುತ್ತೀರಿ. ಇಳಿಯುವುದಿಲ್ಲ. ಹುಡುಗನೋ ಹುಡುಗಿಯೋ ಬಂದು ಏನು ಬೇಕು ಅಂತ ಕೇಳಿಕೊಂಡು ಹೋಗುತ್ತಾರೆ. ಊಟ ತಟ್ಟೆಯ ಸಮೇತ ಕಾರಿನ ಕಿಟಕಿಗೆ ಬರುತ್ತದೆ.

ಈಗಿನ ಡ್ರೈವ್-ಥ್ರೂ ಇದೆಯಲ್ಲ, ಅದೇ ತಾನೇ?

ಅಲ್ಲ. ಡ್ರೈವ್-ಥ್ರೂನಲ್ಲಿ ಪೊಟ್ಟಣ ಕೈಗೆ ಬಂದ ಕೂಡಲೇ ಕಾರು ಹೊರಡಬೇಕು, ಹಿಂದಿನವನು ಕಾಯುತ್ತಿರುತ್ತಾನೆ. ಡ್ರೈವ್-ಇನ್‌ನಲ್ಲಿ ಕಾರು ನಿಲ್ಲುತ್ತದೆ, ಜನ ಕೂರುತ್ತಾರೆ, ಪಕ್ಕದ ಕಾರಿನವರ ಜೊತೆ ಹರಟೆ ಹೊಡೆಯುತ್ತಾರೆ. ಒಂದು ಕೋಕ್ ತಗೊಂಡು ಒಂದು ಗಂಟೆ ಕಳೆಯುವವರೂ ಇದ್ದರು. ಈ ಹೋಟೆಲ್‌ಗಳು ಬೆಳೆದದ್ದೂ, ಆಮೇಲೆ ಸೊರಗಿದ್ದೂ ಹೀಗೆ ಕೂರಲು ಬಿಟ್ಟದ್ದರಿಂದಲೇ ಅಂತ ನನ್ನ ಅಭಿಪ್ರಾಯ. ಯಾಕೆ ಅನ್ನುವುದು ಕೆಳಗಿನ ಉತ್ತರಗಳಲ್ಲಿ ಇದೆ. ಡ್ರೈವ್-ಥ್ರೂ ಕೂಡ ಅದೇ ಕಾಲದ ಕೂಸು. ಕ್ಯಾಲಿಫೋರ್ನಿಯಾದ ಬಾಲ್ಡ್ವಿನ್ ಪಾರ್ಕ್‌ನಲ್ಲಿ ಇನ್-ಎನ್-ಔಟ್ 1948ರಲ್ಲೇ ಎರಡೂ ಕಡೆಯಿಂದ ಮಾತಾಡಬಹುದಾದ ಸ್ಪೀಕರ್ ಇಟ್ಟು, ಕೂರುವ ಜಾಗವೇ ಇಲ್ಲದ ಅಂಗಡಿ ತೆರೆದಿತ್ತು.

ಇದೆಲ್ಲ 1950ರ ದಶಕದಲ್ಲಿ ಶುರುವಾದದ್ದು ಅಂತ ಕೇಳಿದ್ದೆ. ನಿಜಾನಾ?

ನಿಜ ಅಲ್ಲ, 1950ರ ದಶಕ ಅದರ ಉಚ್ಛ್ರಾಯ ಕಾಲ ಅಷ್ಟೇ. 1921ರಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ, ಫೋರ್ಟ್ ವರ್ತ್‌ಗೆ ಹೋಗುವ ಹೆದ್ದಾರಿಯ ಮೇಲೆ, ಜೆಸ್ಸಿ ಕರ್ಬಿ ಮತ್ತು ರೂಬೆನ್ ಜಾಕ್ಸನ್ ಎಂಬುವರು 'ಪಿಗ್ ಸ್ಟ್ಯಾಂಡ್' ಅಂತ ಒಂದು ಅಂಗಡಿ ತೆರೆದರು. ಹಂದಿಮಾಂಸದ ಬಾರ್ಬೆಕ್ಯೂ ಸ್ಯಾಂಡ್‌ವಿಚ್ ಅವರ ಮುಖ್ಯ ಮಾಲು. ಕಾರು ಇಟ್ಟುಕೊಂಡವರು ಊಟಕ್ಕೂ ಕೆಳಗೆ ಇಳಿಯದಷ್ಟು ಸೋಮಾರಿಗಳು ಅನ್ನುವುದು ಕರ್ಬಿಯ ಲೆಕ್ಕಾಚಾರವಾಗಿತ್ತಂತೆ. ಆ ಲೆಕ್ಕ ತಪ್ಪಲಿಲ್ಲ.

ಅದಕ್ಕೂ ಮೊದಲು, 1919ರಲ್ಲಿ ಕ್ಯಾಲಿಫೋರ್ನಿಯಾದ ಲೋಡೈ ಊರಿನಲ್ಲಿ, ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಮೆರವಣಿಗೆಯ ದಿನ ರಾಯ್ ಆಲನ್ 5 ಸೆಂಟಿಗೆ ಒಂದು ಮಗ್ ರೂಟ್ ಬಿಯರ್ (ಮದ್ಯವಿಲ್ಲದ ಸಿಹಿ ಸೋಡಾ) ಮಾರಲು ನಿಂತಿದ್ದ. ಫ್ರ್ಯಾಂಕ್ ರೈಟ್ ಜೊತೆ ಸೇರಿದ ಮೇಲೆ ಅದೇ ಎ ಅಂಡ್ ಡಬ್ಲ್ಯು ಆಯಿತು. 1923ರ ಹೊತ್ತಿಗೆ ಸ್ಯಾಕ್ರಮೆಂಟೋದಲ್ಲಿ ಅವರ ಹುಡುಗರು ಟ್ರೇ ಹಿಡಿದು ಕಾರುಗಳ ಹತ್ತಿರ ಓಡುತ್ತಿದ್ದರು. ಕೆನಡಾದ ವ್ಯಾಂಕೂವರ್‌ನಲ್ಲಿ 1928ರಲ್ಲಿ ಶುರುವಾದ ವೈಟ್ ಸ್ಪಾಟ್‌ನದು ಇನ್ನೂ ಮಜಾ. ಅವರ ಟ್ರೇ ಕಾರಿನ ಅಗಲಕ್ಕೇ ಇರುತ್ತಿತ್ತು. ಈ ಕಿಟಕಿಯಿಂದ ಆ ಕಿಟಕಿಗೆ, ಮಡಿಲ ಮೇಲೆ ಹಲಗೆ ಹಾಸಿದಂತೆ!

ಹಾಗಾದ್ರೆ ಯುದ್ಧ ಮುಗಿದ ಮೇಲೇ ಯಾಕೆ ಅಷ್ಟೊಂದು ಜಾಸ್ತಿ ಆಯ್ತು?

ಯುದ್ಧದ ಸಮಯದಲ್ಲಿ ಎಲ್ಲ ಬಂದ್ ಆಗಿತ್ತು. 1942ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಕಾರು ತಯಾರಿಸುವುದೇ ನಿಂತುಹೋಯಿತು. ಪೆಟ್ರೋಲ್‌ಗೆ ರೇಷನ್, ಟೈರ್‌ಗೆ ರೇಷನ್, ಗಂಟೆಗೆ 35 ಮೈಲಿಗಿಂತ ವೇಗವಾಗಿ ಓಡಿಸುವಂತಿಲ್ಲ. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು ಅನ್ನುವ ಸುದ್ದಿ ಬಂದ ಮರುದಿನವೇ ಪೆಟ್ರೋಲ್ ರೇಷನ್ ಹೋಯಿತು. ಕಟ್ಟಿಹಾಕಿದ್ದ ಆಸೆಯೆಲ್ಲ ಒಮ್ಮೆಗೇ ರಸ್ತೆಗೆ ಬಂತು. 1945ರಲ್ಲಿ ಅಮೆರಿಕದಲ್ಲಿ ನೋಂದಣಿಯಾಗಿದ್ದ ಕಾರುಗಳು ಸುಮಾರು 2.6 ಕೋಟಿ. ಹತ್ತೇ ವರ್ಷದಲ್ಲಿ ಅದು 5 ಕೋಟಿ ದಾಟಿತು.

ಮನೆಗಳೂ ದೂರ ಹೋದವು. ಯುದ್ಧದಿಂದ ಮರಳಿದವರಿಗೆ 1944ರ ಕಾನೂನಿನ ಪ್ರಕಾರ ಸುಲಭ ಸಾಲ ಸಿಗುತ್ತಿತ್ತು. 1947ರಲ್ಲಿ ನ್ಯೂಯಾರ್ಕ್ ಹತ್ತಿರದ ಲೆವಿಟೌನ್‌ನಲ್ಲಿ ಒಂದೇ ಅಚ್ಚಿನ ಮನೆಗಳು ಸಾಲಾಗಿ ಎದ್ದವು. ಅಂಥ ಬಡಾವಣೆಗಳಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಪುಟ್ಟ ಮಕ್ಕಳಿದ್ದ ಮನೆಯವರಿಗೆ ಡ್ರೈವ್-ಇನ್ ನಿಜಕ್ಕೂ ಅನುಕೂಲವಾಗಿತ್ತು. ಚೆನ್ನಾಗಿ ಬಟ್ಟೆ ಹಾಕಿಕೊಂಡು ಹೋಗಬೇಕಿಲ್ಲ. ಮಗು ಹಿಂದಿನ ಸೀಟಿನಲ್ಲಿ ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ.

## ಕಾರು, ಟ್ರೇ, ಟಿಪ್ಸ್

ಆರ್ಡರ್ ಹೇಗೆ ಕೊಡ್ತಿದ್ರು? ಆ ಟ್ರೇ ಬೀಳದೆ ಹೇಗೆ ನಿಲ್ತಿತ್ತು?

ಮುಂದಿನ ದೀಪ ಹಾಕಿದರೆ 'ಬನ್ನಿ' ಅಂತ ಅರ್ಥ. ಊಟ ಮುಗಿದು ಟ್ರೇ ತೆಗೆದುಕೊಂಡು ಹೋಗಬೇಕಾದರೂ ಅದೇ. ಹಾರ್ನ್ ಹೊಡೆದರೆ ಸುತ್ತಲಿನ ಮನೆಯವರು ದೂರು ಕೊಡುತ್ತಿದ್ದರು. ಹಾಗಾಗಿ 'ಹಾರ್ನ್ ಬೇಡ, ದೀಪ ಹಾಕಿ' ಅನ್ನುವ ಬೋರ್ಡ್‌ಗಳು ಎಲ್ಲೆಲ್ಲೂ ಇದ್ದವು.

ಟ್ರೇ ಸಾಮಾನ್ಯವಾಗಿ ಅಲ್ಯೂಮಿನಿಯಂದು. ಕೊಕ್ಕೆಗಳು ಕಿಟಕಿಯ ಗಾಜಿನ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಕೆಳಗಿನ ಒಂದು ಊರೆ ಬಾಗಿಲಿಗೆ ಒತ್ತಿ ನಿಲ್ಲುತ್ತದೆ. ಬಣ್ಣ ಕೆರೆಯದಿರಲಿ ಅಂತ ಅದರ ತುದಿಗೆ ರಬ್ಬರ್. ಗಾಜನ್ನು ಪೂರ್ತಿ ಇಳಿಸಿದರೆ ಕೊಕ್ಕೆಗೆ ಹಿಡಿತ ಇರುವುದಿಲ್ಲ. ಹಾಗಾಗಿ ಸ್ವಲ್ಪ ಮೇಲೆ ಏರಿಸಿಡಬೇಕು. ಟ್ರೇ ಇದೆ ಅನ್ನುವುದನ್ನೇ ಮರೆತು ಹೊರಟವರೂ ಇದ್ದರು, ಬೇಕಂತಲೇ ಮಗ್ ಎತ್ತಿಕೊಂಡು ಹೋದವರೂ ಇದ್ದರು.

ಸ್ಪೀಕರ್ ಬಂದದ್ದು ಆಮೇಲೆ. ಒಕ್ಲಹೋಮಾದ ಶಾನೀ ಊರಿನಲ್ಲಿ ಟ್ರಾಯ್ ಸ್ಮಿತ್ 1953ರಲ್ಲಿ 'ಟಾಪ್ ಹ್ಯಾಟ್' ಅನ್ನುವ ಅಂಗಡಿ ಕೊಂಡಿದ್ದ. ಲೂಸಿಯಾನಾದಲ್ಲಿ ಒಂದು ಕಡೆ ಕಾರಿನಿಂದಲೇ ಮಾತಾಡಿ ಆರ್ಡರ್ ಕೊಡುವುದನ್ನು ನೋಡಿ ಬಂದು, ತನ್ನಲ್ಲೂ ಪ್ರತಿ ಕಾರಿನ ಜಾಗಕ್ಕೊಂದು ಸ್ಪೀಕರ್ ಹಾಕಿಸಿದ. ಹುಡುಗಿಯರು ಎರಡು ಸಲ ನಡೆಯುವ ಕಡೆ ಒಂದು ಸಲ ನಡೆದರೆ ಸಾಕಾಯಿತು. 1959ರಲ್ಲಿ ಅಂಗಡಿಗೆ ಹೊಸ ಹೆಸರು ಬಂತು: ಸಾನಿಕ್.

ಫೋಟೋಗಳಲ್ಲಿ ಇರೋ ಹಾಗೆ ಎಲ್ಲ ಹುಡುಗೀರೂ ರೋಲರ್ ಸ್ಕೇಟ್ ಹಾಕ್ಕೊಂಡೇ ಓಡಾಡ್ತಿದ್ರಾ?

ಕೆಲವು ಕಡೆ ಮಾತ್ರ. ತುಂಬಿದ ಟ್ರೇ ಹಿಡಿದು ಜಲ್ಲಿಕಲ್ಲಿನ ಮೇಲೆ ಸ್ಕೇಟ್ ಮಾಡಿ ನೋಡಿ, ಗೊತ್ತಾಗುತ್ತದೆ! ಹೆಚ್ಚಿನವರು ನಡೆದೇ ಓಡಾಡುತ್ತಿದ್ದರು. ಸ್ಕೇಟ್ ನಮ್ಮ ತಲೆಯಲ್ಲಿ ಉಳಿದದ್ದು ಆಮೇಲಿನ ಸಿನಿಮಾ ಮತ್ತು ಜಾಹೀರಾತುಗಳ ಕೃಪೆ.

ಈ ಕೆಲಸದವರಿಗೆ ಕಾರ್‌ಹಾಪ್ ಅಂತ ಹೆಸರು. ಮೊದಮೊದಲು ಹುಡುಗರೇ ಇದ್ದರು. 1930ರ ದಶಕದಲ್ಲಿ ಟೆಕ್ಸಸ್ ಕಡೆ ಹುಡುಗಿಯರನ್ನು ನೇಮಿಸುವುದು ಹೆಚ್ಚಾಯಿತು. ಹ್ಯೂಸ್ಟನ್‌ನ ಒಬ್ಬ ಕಾರ್‌ಹಾಪ್ 1940ರ ಫೆಬ್ರವರಿಯಲ್ಲಿ ಲೈಫ್ ಪತ್ರಿಕೆಯ ಮುಖಪುಟಕ್ಕೇ ಬಂದಳು. ಬ್ಯಾಂಡ್ ಮೆರವಣಿಗೆಯವರ ಹಾಗೆ ಟೋಪಿ, ಬೂಟು, ಗಿಡ್ಡ ಬಟ್ಟೆ. ಗಿರಾಕಿಗಳನ್ನು ಸೆಳೆಯಲು ಮಾಡಿದ ವೇಷ ಅದು, ಮುಚ್ಚುಮರೆ ಏನಿಲ್ಲ.

ಆದರೆ ಆ ನಗುಮುಖದ ಹಿಂದಿನ ಲೆಕ್ಕ ಬೇರೆ. ಎಷ್ಟೋ ಕಡೆ ಸಂಬಳ ಅನ್ನುವುದು ಹೆಸರಿಗಷ್ಟೇ, ಅಥವಾ ಇಲ್ಲವೇ ಇಲ್ಲ. ಟಿಪ್ಸೇ ಗತಿ. ಕೆಲವು ಹೋಟೆಲ್‌ಗಳಲ್ಲಿ ಕಾರ್‌ಹಾಪ್ ತನ್ನ ದುಡ್ಡು ಕೊಟ್ಟು ಅಡುಗೆಮನೆಯಿಂದ ಊಟ ತಗೊಂಡು, ಆಮೇಲೆ ಗಿರಾಕಿಯಿಂದ ವಸೂಲು ಮಾಡಬೇಕಿತ್ತು. ಯಾರಾದರೂ ದುಡ್ಡು ಕೊಡದೆ ಕಾರು ಓಡಿಸಿಕೊಂಡು ಹೋದರೆ ನಷ್ಟ ಅವಳದ್ದು. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಕಾನೂನು 1938ರಲ್ಲೇ ಬಂದಿದ್ದರೂ ಹೋಟೆಲ್ ಕೆಲಸದವರನ್ನು ಅದರೊಳಗೆ ತಂದದ್ದು 1966ರ ತಿದ್ದುಪಡಿ.

ಏನು ತಿನ್ತಿದ್ರು? ನಮ್ಮಂಥ ಸಸ್ಯಾಹಾರಿಗಳಿಗೆ ಏನಾದ್ರೂ ಸಿಗ್ತಿತ್ತಾ?

ಕಷ್ಟ. ಹ್ಯಾಂಬರ್ಗರ್, ಚಿಲಿ (ಮಾಂಸದ ಖಾರದ ಗೊಜ್ಜು) ಹಾಕಿದ ಹಾಟ್ ಡಾಗ್, ಬಾರ್ಬೆಕ್ಯೂ, ಕರಿದ ಕೋಳಿ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಬಾಬ್ ವಿಯನ್ 1937ರಲ್ಲಿ ಬನ್ನನ್ನು ಮೂರು ಹೋಳು ಮಾಡಿ ನಡುವೆ ಎರಡು ತುಂಡು ಮಾಂಸ ಇಟ್ಟು 'ಬಿಗ್ ಬಾಯ್' ಮಾಡಿದ. ಎರಡಂತಸ್ತಿನ ಬರ್ಗರ್‌ಗಳಿಗೆಲ್ಲ ಅದೇ ಮೂಲಪುರುಷ. ಸಸ್ಯಾಹಾರಿಗೆ ಚೀಸ್ ಸ್ಯಾಂಡ್‌ವಿಚ್, ಈರುಳ್ಳಿ ರಿಂಗ್, ಮಿಲ್ಕ್‌ಶೇಕ್ ಇರುತ್ತಿದ್ದವು. ಆಲೂಗಡ್ಡೆ ಫ್ರೈಸ್ ಕೂಡ ಇತ್ತು, ಆದರೆ ಅದನ್ನು ಕರಿಯುತ್ತಿದ್ದುದು ಹಲವು ಕಡೆ ದನದ ಕೊಬ್ಬಿನಲ್ಲಿ. ಮೆಕ್‌ಡೊನಾಲ್ಡ್ಸ್ ಆ ಪದ್ಧತಿ ಬಿಟ್ಟದ್ದು 1990ರಲ್ಲಿ.

ರೂಟ್ ಬಿಯರ್‌ನಲ್ಲಿ ಮದ್ಯ ಇಲ್ಲ. ಬೇರು, ತೊಗಟೆಗಳ ರುಚಿಯ ಸಿಹಿ ಸೋಡಾ ಅದು. ಮೊದಲ ಸಲ ಕುಡಿದ ನಮ್ಮವರಿಗೆ ಮಂಡಿನೋವಿನ ಮುಲಾಮಿನ ವಾಸನೆ ಬಂದಂತಾಗುತ್ತದೆ. ಅದರಲ್ಲಿ ಅಚ್ಚರಿಯಿಲ್ಲ, ಎರಡಕ್ಕೂ ಬಳಸುವುದು ವಿಂಟರ್‌ಗ್ರೀನ್ ಪರಿಮಳವನ್ನೇ. ಫ್ರೀಜರ್‌ನಲ್ಲಿಟ್ಟ ದಪ್ಪ ಗಾಜಿನ ಮಗ್‌ನಲ್ಲಿ ಕೊಟ್ಟರೆ ಮಾತ್ರ ಒಳ್ಳೇ ರುಚಿ.

ಆ ಕಟ್ಟಡಗಳು ಯಾಕೆ ಅಷ್ಟು ವಿಚಿತ್ರವಾಗಿ ಇರ್ತಿದ್ವು? ಯಾಕೆ ಅಷ್ಟೊಂದು ದೀಪ?

ನಡೆದು ಹೋಗುವವನು ಅಂಗಡಿಯ ಮುಂದೆ ನಿಂತು ಬೋರ್ಡ್ ಓದುತ್ತಾನೆ. ಗಂಟೆಗೆ 40 ಮೈಲಿ ವೇಗದಲ್ಲಿ ಬರುವವನು ದೂರದಿಂದಲೇ ನೋಡಿ ತೀರ್ಮಾನ ಮಾಡಬೇಕು. ಅದಕ್ಕೇ ಎತ್ತರದ ಕಂಬ, ನಿಯಾನ್, ಗಾಜು. 1930ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಡಗಳು ದುಂಡಗಿದ್ದವು. ಸುತ್ತಲೂ ಕಾರು ನಿಲ್ಲಿಸಿದರೆ ಅಡುಗೆಮನೆಯಿಂದ ಎಲ್ಲ ಕಾರಿಗೂ ಹೆಚ್ಚುಕಮ್ಮಿ ಅಷ್ಟೇ ದೂರ. ಯುದ್ಧದ ನಂತರ ಉದ್ದನೆಯ ಚಪ್ಪರಗಳು ಬಂದವು, ಮಳೆ ಬಿಸಿಲಿನಲ್ಲೂ ಕೆಲಸ ನಡೆಯಬೇಕಲ್ಲ. ಎರಡೂ ಕಾಲದಲ್ಲಿ ಈ ಕೆಲಸ ಮಾಡಿದ ವಾಸ್ತುಶಿಲ್ಪಿ ವೇಯ್ನ್ ಮೆಕ್‌ಆಲಿಸ್ಟರ್. ಅವರು ವಿನ್ಯಾಸ ಮಾಡಿದ, 1949ರ ಬರ್ಬ್ಯಾಂಕ್‌ನ ಬಾಬ್ಸ್ ಬಿಗ್ ಬಾಯ್ ಇವತ್ತಿಗೂ ನಿಂತಿದೆ.

## ಬೀದಿಯ ಕಡೆಗೆ

ಡೌನ್‌ಟೌನ್ ಅಂದ್ರೆ ನಮ್ಮ ಪೇಟೆ ಬೀದಿ ಇದ್ದ ಹಾಗಾ?

ಗದ್ದಲದಲ್ಲಿ ಹೌದು. 1945ರಿಂದ ಒಂದು ಹತ್ತು ವರ್ಷ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಷಿಕಾಗೋದ ಸ್ಟೇಟ್ ಸ್ಟ್ರೀಟ್‌ನಲ್ಲಿ ಮಾರ್ಷಲ್ ಫೀಲ್ಡ್ಸ್, ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಹಡ್ಸನ್ಸ್, ಹೀಗೆ ಒಂದೊಂದು ಊರಿಗೂ ಬೀದಿ ತುಂಬ ನಿಂತ ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್. ಪಕ್ಕದಲ್ಲಿ ವುಲ್‌ವರ್ತ್‌ನಂಥ ಅಗ್ಗದ ಅಂಗಡಿ, ಒಳಗೆ ಊಟದ ಕೌಂಟರ್. ಔಷಧಿ ಅಂಗಡಿಯಲ್ಲೇ ಸೋಡಾ, ಐಸ್‌ಕ್ರೀಂ. ಸಾವಿರಾರು ಸೀಟಿನ ಸಿನಿಮಾ ಮಂದಿರಗಳು. ಟ್ರಾಮ್ ಇಳಿದರೆ ಎಲ್ಲವೂ ಕಾಲ್ನಡಿಗೆಯಲ್ಲಿ.

ಯುದ್ಧ ಮುಗಿದ ಹೊಸತರಲ್ಲಿ ಜನ ಕೊಳ್ಳುವುದಕ್ಕೆ ಎಷ್ಟು ಹಪಹಪಿಸುತ್ತಿದ್ದರು ಅಂದರೆ, 1946ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 13,000 ಜೊತೆ ನೈಲಾನ್ ಕಾಲುಚೀಲಕ್ಕೆ ಸುಮಾರು 40,000 ಜನ ಸಾಲು ನಿಂತರು. ಯುದ್ಧದಲ್ಲಿ ನೈಲಾನ್ ಎಲ್ಲ ಪ್ಯಾರಾಚೂಟ್‌ಗೆ ಹೋಗಿತ್ತು, ಪಾಪ. ಸಾಲಿನಲ್ಲಿ ಜಗಳ, ಜಡೆ ಎಳೆದಾಟ ಎಲ್ಲ ಆಯಿತು.

ನಮ್ಮ ಪೇಟೆಗೆ ಹೋಲದ ಅಂಶ ಒಂದಿದೆ. ಅಂಗಡಿಯ ಮೇಲೆ ಮನೆ, ಮನೆಯ ಮುಂದೆ ಅಂಗಡಿ ಅನ್ನುವುದು ಅಲ್ಲಿನ ಡೌನ್‌ಟೌನ್‌ನಲ್ಲಿ ಕಡಿಮೆ. ಜನ ಹೊರಗಿನಿಂದ ಬರಬೇಕು. ಬರುವುದು ನಿಂತರೆ ಬೀದಿ ಖಾಲಿ.

ಹುಡುಗರು ಸುಮ್ನೆ ಕಾರಲ್ಲಿ ಅದೇ ಬೀದಿ ಸುತ್ತುತ್ತಿದ್ರಂತಲ್ಲ, ಅದರಲ್ಲಿ ಏನಿತ್ತು?

ನೋಡುವುದು, ನೋಡಿಸಿಕೊಳ್ಳುವುದು. ಹೆಚ್ಚಿನ ರಾಜ್ಯಗಳಲ್ಲಿ ಹದಿನಾರಕ್ಕೆ ಲೈಸೆನ್ಸ್ ಸಿಗುತ್ತಿತ್ತು. ಸೆಕೆಂಡ್‌ಹ್ಯಾಂಡ್ ಕಾರು ಅಗ್ಗ, ಪೆಟ್ರೋಲ್ ಇನ್ನೂ ಅಗ್ಗ. ಮನೆಯಲ್ಲಿ ಅಪ್ಪ ಅಮ್ಮ ಇರುತ್ತಾರೆ, ಬಾರ್‌ಗೆ ಬಿಡುವುದಿಲ್ಲ. ಉಳಿದದ್ದು ಬೀದಿ ಒಂದೇ. ಮುಖ್ಯ ರಸ್ತೆಯ ಆ ತುದಿಯಿಂದ ಈ ತುದಿಗೆ, ನಿಧಾನಕ್ಕೆ, ರೇಡಿಯೋ ಜೋರಾಗಿ ಹಾಕಿಕೊಂಡು ಹೋಗುವುದು. ತಿರುಗುವ ಜಾಗ ಸಾಮಾನ್ಯವಾಗಿ ಒಂದು ಡ್ರೈವ್-ಇನ್. ಅಲ್ಲಿ ನಿಂತು ಯಾರ ಕಾರಿನಲ್ಲಿ ಯಾರು ಇದ್ದಾರೆ ಅಂತ ಕಣ್ಣು ಹಾಯಿಸಿ ಮತ್ತೆ ಹೊರಡುವುದು. ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ಪಂದ್ಯದ ಎದುರಾಳಿ ಸಿಗುತ್ತಿದ್ದುದೂ ಅಲ್ಲೇ.

ಕ್ಯಾಲಿಫೋರ್ನಿಯಾದ ಮೊಡೆಸ್ಟೋದಲ್ಲಿ ಹತ್ತನೇ ಮತ್ತು ಹನ್ನೊಂದನೇ ಬೀದಿ, ಲಾಸ್ ಏಂಜಲೀಸ್‌ನಲ್ಲಿ ವ್ಯಾನ್ ನೈಸ್ ಬೂಲವಾರ್ಡ್, ಡೆಟ್ರಾಯಿಟ್‌ನಲ್ಲಿ ವುಡ್‌ವರ್ಡ್ ಇದಕ್ಕೆ ಹೆಸರುವಾಸಿ. ಪೂರ್ವ ಲಾಸ್ ಏಂಜಲೀಸ್‌ನ ವಿಟಿಯರ್ ಬೂಲವಾರ್ಡ್‌ನಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಬೇರೆಯೇ ಶೈಲಿ ಕಟ್ಟಿದರು. ಉಳಿದವರು ವೇಗಕ್ಕೆ ಕಾರು ತಿದ್ದಿದರೆ ಇವರು ನಿಧಾನಕ್ಕೆ ತಿದ್ದಿದರು. ನೆಲಕ್ಕೆ ತಾಗುವಂತೆ ತಗ್ಗಿಸಿದ, ಕನ್ನಡಿಯಂತೆ ಹೊಳೆಯುವ ಕಾರುಗಳು. ನನಗೆ ಕೇಳಿದರೆ ಇಡೀ ಕಥೆಯಲ್ಲಿ ಅತಿ ಚೆಂದದ ಕಾರುಗಳು ಇವೇ.

## ತಕರಾರಿನ ಪ್ರಶ್ನೆಗಳು

ಕಪ್ಪು ಜನರಿಗೆ ಅಲ್ಲಿ ಊಟ ಕೊಡ್ತಿದ್ರಾ?

ದಕ್ಷಿಣದ ರಾಜ್ಯಗಳಲ್ಲಿ ಬಹಳಷ್ಟು ಕಡೆ ಇಲ್ಲ. ಕೊಟ್ಟರೂ ಹಿಂದಿನ ಕಿಟಕಿಯಿಂದ, ಪೊಟ್ಟಣ ಕಟ್ಟಿ. ಹಳೇ ಕಾರು, ಗುಲಾಬಿ ನಿಯಾನ್, ಮಿಲ್ಕ್‌ಶೇಕ್ ಅಂತ ಹಂಬಲಿಸಿ ಬರೆಯುವವರು ಈ ಪ್ರಶ್ನೆಯನ್ನು ಸುಲಭಕ್ಕೆ ದಾಟಿಬಿಡುತ್ತಾರೆ. ದಾಟಬಾರದು. ಹಾರ್ಲೆಮ್‌ನ ಅಂಚೆಯವ ವಿಕ್ಟರ್ ಗ್ರೀನ್ 1936ರಲ್ಲಿ ಒಂದು ಪ್ರವಾಸ ಕೈಪಿಡಿ ಶುರು ಮಾಡಿದರು. ಕಪ್ಪು ಪ್ರಯಾಣಿಕರು ಎಲ್ಲಿ ಉಳಿಯಬಹುದು, ಎಲ್ಲಿ ಊಟ ಸಿಗುತ್ತದೆ ಅನ್ನುವ ಪಟ್ಟಿ ಅದು. ಸುಮಾರು ಮೂವತ್ತು ವರ್ಷ ಅದು ಬೇಕಾಯಿತು.

ಡೌನ್‌ಟೌನ್ ಅಂಗಡಿಗಳ ತರ್ಕ ಇನ್ನೂ ವಿಚಿತ್ರ. ಹಲ್ಲುಜ್ಜುವ ಪೇಸ್ಟ್ ಕೊಳ್ಳಬಹುದು, ಪಕ್ಕದ ಕೌಂಟರ್‌ನಲ್ಲಿ ಕಾಫಿ ಕುಡಿಯುವಂತಿಲ್ಲ. 1958ರ ಆಗಸ್ಟ್‌ನಲ್ಲಿ ಒಕ್ಲಹೋಮಾ ಸಿಟಿಯ ಒಂದು ಔಷಧಿ ಅಂಗಡಿಯಲ್ಲಿ ಶಿಕ್ಷಕಿ ಕ್ಲಾರಾ ಲೂಪರ್ ಮಕ್ಕಳನ್ನು ಕರೆದುಕೊಂಡು ಹೋಗಿ ಕೌಂಟರ್ ಮುಂದೆ ಕೂತರು. 1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ಕು ವಿದ್ಯಾರ್ಥಿಗಳು ವುಲ್‌ವರ್ತ್ ಕೌಂಟರ್‌ನಲ್ಲಿ ಕೂತರು. ಅದೇ ವರ್ಷದ ಜುಲೈನಲ್ಲಿ ಆ ಕೌಂಟರ್ ಎಲ್ಲರಿಗೂ ತೆರೆಯಿತು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಬಣ್ಣ ನೋಡಿ ಹೋಟೆಲ್‌ನಲ್ಲಿ ಊಟ ನಿರಾಕರಿಸುವುದು ಕಾನೂನಿಗೆ ವಿರುದ್ಧವಾಯಿತು.

ಡ್ರೈವ್-ಇನ್‌ಗಳು ಇಲ್ಲೊಂದು ಸಂದು ಹುಡುಕಿದವು. ದಕ್ಷಿಣ ಕ್ಯಾರೊಲಿನಾದ 'ಪಿಗ್ಗಿ ಪಾರ್ಕ್' ಎಂಬ ಬಾರ್ಬೆಕ್ಯೂ ಸಂಸ್ಥೆ ಕಪ್ಪು ಗಿರಾಕಿಗಳನ್ನು ವಾಪಸ್ ಕಳಿಸಿತು. ಆನ್ ನ್ಯೂಮನ್ ಮತ್ತು ಇತರರು ಕೋರ್ಟಿಗೆ ಹೋದರು. ಸಂಸ್ಥೆಯ ವಾದ ಏನು ಗೊತ್ತಾ? ಕಾಯ್ದೆ ಇರುವುದು ಒಳಗೆ ಕೂತು ತಿನ್ನುವ ಹೋಟೆಲ್‌ಗಳಿಗೆ, ನಮ್ಮಲ್ಲಿ ಜನ ಕಾರಿನಲ್ಲಿ ತಿನ್ನುತ್ತಾರೆ, ಎಷ್ಟೋ ಜನ ಮನೆಗೇ ಒಯ್ಯುತ್ತಾರೆ. ಕೆಳಗಿನ ಕೋರ್ಟ್ ಇದನ್ನು ಒಪ್ಪಿಯೂಬಿಟ್ಟಿತು! ಮೇಲ್ಮನವಿ ನ್ಯಾಯಾಲಯ 1967ರಲ್ಲಿ ಅದನ್ನು ತಳ್ಳಿಹಾಕಿತು. 1968ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಮೊಕದ್ದಮೆ ಗೆದ್ದವರಿಗೆ ವಕೀಲರ ಖರ್ಚೂ ಸಾಮಾನ್ಯವಾಗಿ ಸಿಗಬೇಕು ಅಂದಿತು.

ಉತ್ತರ, ಪಶ್ಚಿಮದಲ್ಲಿ ಎಷ್ಟೋ ಕಡೆ ಊಟ ಸಿಗುತ್ತಿತ್ತು, ಒಳ್ಳೆಯ ಕೆಲಸ ಸಿಗುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ಸ್ ಡ್ರೈವ್-ಇನ್ ಕಪ್ಪು ಜನರನ್ನು ಅಡುಗೆಮನೆಗೆ ಮಾತ್ರ ತೆಗೆದುಕೊಳ್ಳುತ್ತದೆ, ಗಿರಾಕಿಗಳ ಎದುರಿಗೆ ಬರುವ ಕೆಲಸ ಕೊಡುವುದಿಲ್ಲ ಅಂತ 1963ರಲ್ಲಿ ವಿದ್ಯಾರ್ಥಿಗಳು ಒಳಗೆ ಕೂತು ಧರಣಿ ಮಾಡಿದರು. ಮಾಲೀಕರಲ್ಲಿ ಒಬ್ಬರಾದ ಹೆರಾಲ್ಡ್ ಡಾಬ್ಸ್ ಆಗ ಮೇಯರ್ ಚುನಾವಣೆಗೆ ನಿಂತಿದ್ದರು. ಚುನಾವಣೆಯಲ್ಲಿ ಸೋತರು, ಹೋಟೆಲ್ ರಾಜಿಗೆ ಬಂತು.

ಮೆಕ್‌ಡೊನಾಲ್ಡ್ಸ್ ಕೂಡ ಮೊದಲು ಡ್ರೈವ್-ಇನ್ ಆಗಿತ್ತಂತೆ, ಹೌದಾ?

ಹೌದು. ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1940ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ತೆರೆದದ್ದು ಕಾರ್‌ಹಾಪ್‌ಗಳಿದ್ದ ಬಾರ್ಬೆಕ್ಯೂ ಡ್ರೈವ್-ಇನ್. ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ ಅವರಿಗೆ ಸಮಾಧಾನ ಇರಲಿಲ್ಲ. ಅಂಗಳದ ತುಂಬ ಹದಿಹರೆಯದ ಹುಡುಗರು. ಅವರಿದ್ದರೆ ಸಂಸಾರಸ್ಥರು ಬರುವುದಿಲ್ಲ. ತಟ್ಟೆ, ಚಮಚ ಕಳುವಾಗುತ್ತವೆ, ಒಡೆಯುತ್ತವೆ. ಒಳ್ಳೆಯ ಬಾಣಸಿಗ ಸಿಕ್ಕರೆ ನಿಲ್ಲುವುದಿಲ್ಲ. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ವ್ಯಾಪಾರದ ಬಹುಪಾಲು ಬರುತ್ತಿದ್ದುದು ಬರೀ ಹ್ಯಾಂಬರ್ಗರ್‌ನಿಂದ.

1948ರಲ್ಲಿ ಅಂಗಡಿ ಮುಚ್ಚಿ ಮೂರು ತಿಂಗಳು ರಿಪೇರಿ ಮಾಡಿದರು. ಕಾರ್‌ಹಾಪ್‌ಗಳನ್ನೆಲ್ಲ ಬಿಡಿಸಿದರು. ತಟ್ಟೆಯ ಬದಲು ಕಾಗದ. ಪಟ್ಟಿ ಒಂಬತ್ತು ಐಟಂಗೆ ಇಳಿಯಿತು. ಬರ್ಗರ್ 15 ಸೆಂಟ್, ಬೇರೆ ಕಡೆಯ ಬೆಲೆಯ ಹೆಚ್ಚುಕಮ್ಮಿ ಅರ್ಧ. ಆಮೇಲೆ ದೊಡ್ಡ ಅಡುಗೆಮನೆ ಕಟ್ಟುವಾಗ ಮನೆಯ ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ನಕ್ಷೆ ಬರೆದು, ಕೆಲಸದವರನ್ನು ಅದರೊಳಗೆ ಓಡಾಡಿಸಿ ಯಂತ್ರಗಳ ಜಾಗ ಗೊತ್ತು ಮಾಡಿದರು. ರಾತ್ರಿ ಮಳೆ ಬಂದು ಎಲ್ಲ ಅಳಿಸಿಹೋಯಿತಂತೆ, ಮತ್ತೆ ಬರೆದರು.

ಮೊದಮೊದಲು ಜನ ಕಾರಿನಲ್ಲೇ ಕೂತು ಹಾರ್ನ್ ಹೊಡೆದರು. ಯಾರೂ ಬರದಿದ್ದಾಗ ಹೊರಟುಹೋದರು. ಕೆಲವು ತಿಂಗಳು ವ್ಯಾಪಾರ ಬಿತ್ತು. ಆಮೇಲೆ ಕಿಟಕಿಯ ಮುಂದೆ ಸಾಲು ಬೆಳೆಯಿತು, ಅದರಲ್ಲಿ ಮಕ್ಕಳೂ ಇದ್ದರು. 1954ರಲ್ಲಿ ಮಿಲ್ಕ್‌ಶೇಕ್ ಯಂತ್ರ ಮಾರುವ ರೇ ಕ್ರಾಕ್ ಇವರ ಹತ್ತಿರ ಎಂಟು ಯಂತ್ರ ಇವೆ ಅಂತ ಕೇಳಿ ನೋಡಲು ಬಂದ. ಮುಂದಿನದು ಗೊತ್ತಿರುವ ಕಥೆ: 1955ರಲ್ಲಿ ಇಲಿನಾಯ್ಸ್‌ನ ಡೆಸ್ ಪ್ಲೇನ್ಸ್‌ನಲ್ಲಿ ಅವನ ಮೊದಲ ಅಂಗಡಿ, 1961ರಲ್ಲಿ ಅಣ್ಣತಮ್ಮಂದಿರಿಗೆ 27 ಲಕ್ಷ ಡಾಲರ್ ಕೊಟ್ಟು ಪೂರ್ತಿ ಖರೀದಿ. ಕ್ರಾಕ್ ತನ್ನ ಅಂಗಡಿಗಳಲ್ಲಿ ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ), ಸಿಗರೇಟ್ ಯಂತ್ರ, ಪಬ್ಲಿಕ್ ಫೋನ್ ಯಾವುದನ್ನೂ ಇಡಗೊಡಲಿಲ್ಲ. 1960ರ ದಶಕದ ಕೊನೆಯವರೆಗೂ ಕೌಂಟರ್‌ಗೆ ಹೆಂಗಸರನ್ನು ತೆಗೆದುಕೊಳ್ಳಲೂ ಬಿಡಲಿಲ್ಲ. ಹುಡುಗರು ಬಂದು ಕೂರಬಾರದು, ಅಷ್ಟೇ.

ಹಾಗಾದ್ರೆ ಡ್ರೈವ್-ಇನ್‌ಗಳನ್ನು ಮುಳುಗಿಸಿದ್ದು ಮೆಕ್‌ಡೊನಾಲ್ಡ್ಸಾ?

15 ಸೆಂಟಿನ ಬರ್ಗರ್ ಒಂದು ಪೆಟ್ಟು ಮಾತ್ರ. ಒಂದು ಕಾರು ನಿಲ್ಲುವ ಜಾಗದಿಂದ ಗಂಟೆಗೆ ಎಷ್ಟು ದುಡ್ಡು ಹುಟ್ಟುತ್ತದೆ ಅಂತ ಲೆಕ್ಕ ಹಾಕಿ. ನಾಲ್ಕು ಹುಡುಗರು ನಾಲ್ಕು ಕೋಕ್ ತಗೊಂಡು ಸಂಜೆಯೆಲ್ಲ ಕೂತರೆ ಮಾಲೀಕನಿಗೆ ಏನು ಉಳಿಯುತ್ತದೆ? ಊರಿನ ಅಂಚಿನಲ್ಲಿ ಅಗ್ಗಕ್ಕೆ ಸಿಕ್ಕ ಜಾಗ, ಊರು ಬೆಳೆದ ಮೇಲೆ ಚಿನ್ನದ ಬೆಲೆಗೆ ಹೋಯಿತು. 1966ರ ತಿದ್ದುಪಡಿಯ ನಂತರ ಟಿಪ್ಸ್ ಮೇಲಷ್ಟೇ ಕೆಲಸದವರನ್ನು ದುಡಿಸುವುದು ಕಷ್ಟವಾಯಿತು. ಗದ್ದಲ, ಪಂದ್ಯ, ಹೊಡೆದಾಟ ಅಂತ ನಗರಸಭೆಗಳು ನಿಯಮ ತಂದವು. ಖರೀದಿ ಮಾಡದೆ ಅಂಗಳದಲ್ಲಿ ಸುತ್ತಬಾರದು, ಇಷ್ಟು ಹೊತ್ತಿಗಿಂತ ಜಾಸ್ತಿ ನಿಲ್ಲಬಾರದು ಅಂತ. ಕಾರಿನಲ್ಲಿ ಏರ್ ಕಂಡಿಷನ್ ಬಂದ ಮೇಲೆ ಗಾಜು ಇಳಿಸಿ ಕೂರುವ ಹುರುಪೂ ಕಡಿಮೆಯಾಯಿತು. 1973ರ ತೈಲ ಬಿಕ್ಕಟ್ಟು ಬರುವ ಹೊತ್ತಿಗೆ ಬಹಳಷ್ಟು ಅಂಗಡಿಗಳು ಆಗಲೇ ಬಾಗಿಲು ಹಾಕಿದ್ದವು.

ಪೇಟೆ ಖಾಲಿಯಾಗಿದ್ದಕ್ಕೆ ಡ್ರೈವ್-ಇನ್‌ಗಳೇ ಕಾರಣ ಅಂತಾರಲ್ಲ?

ನಾನು ಒಪ್ಪುವುದಿಲ್ಲ. ಕಾರು ಕಾರಣ ಅಂದರೆ ಒಪ್ಪಬಹುದು, ಅದಕ್ಕಿಂತ ಕಾರಿಗಾಗಿ ಮಾಡಿದ ತೀರ್ಮಾನಗಳು ಅಂದರೆ ಇನ್ನೂ ಸರಿ. ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ ಅನ್ನುವ ಗೋಳು ಯುದ್ಧಕ್ಕೂ ಹಳೆಯದು. ಮೊದಲ ಪಾರ್ಕಿಂಗ್ ಮೀಟರ್ ಒಕ್ಲಹೋಮಾ ಸಿಟಿಯಲ್ಲಿ ಬಂದದ್ದು 1935ರಲ್ಲಿ.

ದೊಡ್ಡ ಅಂಗಡಿಗಳೇ ಊರಾಚೆ ಹೊರಟವು. ಡೆಟ್ರಾಯಿಟ್‌ನ ಹಡ್ಸನ್ಸ್ 1954ರಲ್ಲಿ ನಗರದ ಹೊರಗೆ ನಾರ್ತ್‌ಲ್ಯಾಂಡ್ ಶಾಪಿಂಗ್ ಸೆಂಟರ್ ಕಟ್ಟಿಸಿತು. ಅದರ ವಾಸ್ತುಶಿಲ್ಪಿ ವಿಯೆನ್ನಾದಿಂದ ಬಂದಿದ್ದ ವಿಕ್ಟರ್ ಗ್ರೂಯೆನ್. 1956ರಲ್ಲಿ ಮಿನೆಸೋಟಾದಲ್ಲಿ ಸೌತ್‌ಡೇಲ್ ಎಂಬ, ಪೂರ್ತಿ ಮಾಡು ಹೊದಿಸಿದ ಮಾಲ್ ಕಟ್ಟಿದ್ದೂ ಅವರೇ. ಯುರೋಪಿನ ಪೇಟೆ ಚೌಕದಂತೆ ಜನ ನಡೆದಾಡುವ ಜಾಗ ಕಟ್ಟಬೇಕು ಅನ್ನುವುದು ಅವರ ಆಸೆ. ಸುತ್ತಲೂ ಎದ್ದದ್ದು ಪಾರ್ಕಿಂಗ್ ಸಮುದ್ರ. ಮುಂದೆ ಅವರೇ ಈ ಮಾಲ್‌ಗಳು ತನ್ನ ಮಕ್ಕಳಲ್ಲ ಅಂತ ಸಿಟ್ಟಿನಿಂದ ಹೇಳಿಕೊಂಡರು. ಹಡ್ಸನ್ಸ್‌ನ ಹಳೇ ಡೌನ್‌ಟೌನ್ ಅಂಗಡಿ 1983ರಲ್ಲಿ ಮುಚ್ಚಿತು, 1998ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಕೆಡವಿದರು.

ಸರ್ಕಾರದ ಕೈಯೂ ಇದೆ. 1949ರ ವಸತಿ ಕಾಯ್ದೆ ಹಳೇ ಬಡಾವಣೆಗಳನ್ನು ನೆಲಸಮ ಮಾಡಲು ದುಡ್ಡು ಕೊಟ್ಟಿತು. 1956ರ ಹೆದ್ದಾರಿ ಕಾಯ್ದೆ 41,000 ಮೈಲಿ ರಸ್ತೆಗೆ ದಾರಿ ಮಾಡಿತು, ಖರ್ಚಿನ ಶೇ. 90 ಕೇಂದ್ರದ್ದು. ಆ ರಸ್ತೆಗಳು ಊರೊಳಗೆ ನುಗ್ಗುವಾಗ ಹೆಚ್ಚಾಗಿ ಕಪ್ಪು ಜನರ ಬೀದಿಗಳನ್ನೇ ಆರಿಸಿಕೊಂಡವು. ಡೆಟ್ರಾಯಿಟ್‌ನ ಹೇಸ್ಟಿಂಗ್ಸ್ ಸ್ಟ್ರೀಟ್, ಬ್ಲೂಸ್ ಸಂಗೀತದ ಕ್ಲಬ್‌ಗಳಿದ್ದ ಬೀದಿ, ಹೆದ್ದಾರಿಯ ಅಡಿ ಹೋಯಿತು. ಸೇಂಟ್ ಪಾಲ್‌ನ ರೊಂಡೋ ಬಡಾವಣೆಯೂ ಹಾಗೇ.

ಟ್ರಾಮ್‌ಗಳನ್ನು ಕಾರು ಕಂಪನಿಗಳು ಪಿತೂರಿ ಮಾಡಿ ಮುಚ್ಚಿಸಿದವು ಅನ್ನೋದು ನಿಜವಾ?

ಅರ್ಧ ನಿಜ. ನ್ಯಾಷನಲ್ ಸಿಟಿ ಲೈನ್ಸ್ ಎಂಬ ಕಂಪನಿ ಹತ್ತಾರು ಊರುಗಳ ಸಾರಿಗೆ ಸಂಸ್ಥೆಗಳನ್ನು ಕೊಂಡು ಟ್ರಾಮ್ ಬದಲು ಬಸ್ ಓಡಿಸಿತು. ಅದರಲ್ಲಿ ಜನರಲ್ ಮೋಟಾರ್ಸ್, ಫೈರ್‌ಸ್ಟೋನ್, ತೈಲ ಕಂಪನಿಗಳ ಬಂಡವಾಳ ಇತ್ತು. 1949ರಲ್ಲಿ ಷಿಕಾಗೋದಲ್ಲಿ ಅವುಗಳ ಮೇಲೆ ಅಪರಾಧ ಸಾಬೀತಾಯಿತು. ಆದರೆ ಸಾಬೀತಾದದ್ದು ಈ ಸಂಸ್ಥೆಗಳಿಗೆ ಬಸ್ಸು, ಟೈರು, ಎಣ್ಣೆ ಮಾರುವುದರಲ್ಲಿ ಏಕಸ್ವಾಮ್ಯಕ್ಕೆ ಸಂಚು ಮಾಡಿದರು ಅನ್ನುವುದು. ಜನರಲ್ ಮೋಟಾರ್ಸ್‌ಗೆ ಬಿದ್ದ ದಂಡ 5,000 ಡಾಲರ್.

ಟ್ರಾಮ್‌ಗಳು ಅದಕ್ಕೂ ಮೊದಲೇ ಸೊರಗಿದ್ದವು. ಎಷ್ಟೋ ಊರುಗಳಲ್ಲಿ ಟಿಕೆಟ್ ದರ ದಶಕಗಟ್ಟಲೆ 5 ಸೆಂಟ್‌ಗೆ ಕಟ್ಟಿಹಾಕಲಾಗಿತ್ತು. ಹಳಿಯ ಮೇಲೆ ಕಾರುಗಳು ಅಡ್ಡ. 1935ರ ಒಂದು ಕಾನೂನಿನಿಂದ ವಿದ್ಯುತ್ ಕಂಪನಿಗಳು ತಮ್ಮ ಟ್ರಾಮ್ ಸಂಸ್ಥೆಗಳನ್ನು ಕಳಚಿಕೊಳ್ಳಬೇಕಾಗಿ ಬಂತು. ಡೆಟ್ರಾಯಿಟ್‌ನ ಟ್ರಾಮ್ ನಗರಸಭೆಯದ್ದೇ ಆಗಿತ್ತು, ಅಲ್ಲಿ ಯಾವ ಕಂಪನಿಯೂ ಕೊಂಡಿರಲಿಲ್ಲ. ಆದರೂ 1956ರ ಏಪ್ರಿಲ್‌ನಲ್ಲಿ ಕೊನೆಯ ಗಾಡಿ ನಿಂತಿತು. ಚೆನ್ನಾಗಿದ್ದ ಗಾಡಿಗಳನ್ನು ಮೆಕ್ಸಿಕೋ ಸಿಟಿಗೆ ಮಾರಿದರು.

## ನಮ್ಮ ಕಡೆ, ಈ ಹೊತ್ತು

ನಮ್ಮ ಕಡೆ ಇಂಥದ್ದು ಇರಲಿಲ್ವಾ?

ಇತ್ತು, ಅದರಲ್ಲಿ ಕನ್ನಡ ನಾಡಿನವರ ಕೈಯೂ ಇತ್ತು. ಉಡುಪಿ ಕಡೆಯ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ 1962ರಲ್ಲಿ ಮದ್ರಾಸಿನ ಕ್ಯಾಥೆಡ್ರಲ್ ರಸ್ತೆಯಲ್ಲಿ, ಮರಗಳ ತೋಪಿನ ನಡುವೆ ಡ್ರೈವ್-ಇನ್ ತೆರೆಯಿತು. ಬರ್ಗರ್ ಜಾಗದಲ್ಲಿ ದೋಸೆ, ರೂಟ್ ಬಿಯರ್ ಜಾಗದಲ್ಲಿ ಫಿಲ್ಟರ್ ಕಾಫಿ. 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನ ಇದೆ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲ್ಲಿನಲ್ಲಿ ಮರದ ಕೆಳಗೆ ಕಾರು ನಿಲ್ಲಿಸಿ ಇಡ್ಲಿ ತರಿಸಿಕೊಂಡವರು ಈ ಪುಟ ಓದುವವರಲ್ಲೇ ಬೇಕಾದಷ್ಟು ಜನ ಇರುತ್ತಾರೆ. ಒಂದು ದೊಡ್ಡ ವ್ಯತ್ಯಾಸ: ಅಮೆರಿಕದಲ್ಲಿ ಡ್ರೈವ್-ಇನ್ ಅಗ್ಗದ ಜಾಗ, ಹುಡುಗರ ಅಡ್ಡ. ನಮ್ಮಲ್ಲಿ ಆ ಕಾಲದಲ್ಲಿ ಕಾರಿದ್ದವರೇ ಬೆರಳೆಣಿಕೆ.

ಅಮೆರಿಕಕ್ಕೆ ಹೋದರೆ ಈಗಲೂ ಎಲ್ಲಾದ್ರೂ ನೋಡಬಹುದಾ?

ಧಾರಾಳವಾಗಿ. ಷಿಕಾಗೋದಲ್ಲಿ ಮಿಲ್ವಾಕೀ ಮತ್ತು ಡೆವನ್ ರಸ್ತೆಗಳು ಸೇರುವ ಕಡೆ ಸೂಪರ್‌ಡಾಗ್ ಇದೆ. ಯುದ್ಧದಿಂದ ಮರಳಿದ ಮಾರಿ ಬರ್ಮನ್ ಮತ್ತು ಹೆಂಡತಿ ಫ್ಲೋರಿ 1948ರಲ್ಲಿ ಶುರು ಮಾಡಿದ್ದು. ಮಾಡಿನ ಮೇಲೆ ಗಂಡು ಹೆಣ್ಣು ಎರಡು ದೊಡ್ಡ ಹಾಟ್ ಡಾಗ್ ಗೊಂಬೆಗಳು ನಿಂತಿವೆ, ದೂರದಿಂದಲೇ ಕಾಣುತ್ತವೆ. ಸ್ಪೀಕರ್‌ನಲ್ಲಿ ಆರ್ಡರ್, ಕಾರಿಗೆ ಟ್ರೇ. ಒಹಾಯೋದ ಆಕ್ರನ್‌ನಲ್ಲಿ 1934ರಿಂದ ಇರುವ ಸ್ವೆನ್ಸನ್ಸ್‌ನಲ್ಲಿ ದೀಪ ಹಾಕಿದರೆ ಹುಡುಗರು ನಿಜವಾಗಿ ಓಡಿಕೊಂಡೇ ಬರುತ್ತಾರೆ. ಬರ್ಬ್ಯಾಂಕ್‌ನ ಬಾಬ್ಸ್ ಬಿಗ್ ಬಾಯ್‌ನಲ್ಲಿ ಶುಕ್ರವಾರ ಸಂಜೆ ಹಳೇ ಕಾರುಗಳ ಜಾತ್ರೆ, ಕಾರ್‌ಹಾಪ್ ಸೇವೆ ವಾರಾಂತ್ಯದಲ್ಲಿ. ಸಾನಿಕ್ ಅಂತೂ ದಕ್ಷಿಣದ ರಾಜ್ಯಗಳಲ್ಲಿ ಊರಿಗೊಂದು ಸಿಗುತ್ತದೆ. ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ 1995ರಿಂದ ಪ್ರತಿ ಆಗಸ್ಟ್‌ನಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಕಾರು ಬೇಕಿಲ್ಲ, ಬೇಗ ಹೋಗಿ ರಸ್ತೆ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡರೆ ಸಾಕು.